ತೊಗಲು ಅವರದು, ಹೆಸರು ಯಾರದು?



ಇವತ್ತು ಒಂದು ಗುಟ್ಟು ಹೇಳಿಬಿಡ್ತೀನಿ. ಟಿವಿಯಲ್ಲಿ ನೀವು ನೋಡೋದು ನನ್ನನ್ನ ಸೊಂಟದಿಂದ ಮೇಲೆ ಮಾತ್ರ. ಕೋಟು ನೀಟಾಗಿರುತ್ತೆ, ಕೂದಲು ನೀಟಾಗಿರುತ್ತೆ. ಆದರೆ ಈ ಡೆಸ್ಕಿನ ಕೆಳಗೆ ಕ್ಯಾಮೆರಾ ಬರೋದಿಲ್ಲ. ಅಲ್ಲಿ ನನ್ನ ಕಾಲಲ್ಲಿರೋದು ಶೂ ಅಲ್ಲ, ಚಪ್ಪಲಿ. ಬೆಳಗಾವಿಯ ಮಾರುಕಟ್ಟೆಯಲ್ಲಿ ಕೊಂಡ, ಅಥಣಿ ಕಡೆಯಿಂದ ಬಂದ ಚರ್ಮದ ಚಪ್ಪಲಿ. ಕೊಳ್ಳುವಾಗ ಅಂಗಡಿಯವರನ್ನ ಕೇಳಿದ್ದೆ, ಇದನ್ನ ಯಾರು ಮಾಡಿದ್ದು ಅಂತ. ಅವರು ನಕ್ಕು ಹೇಳಿದರು, "ನಮ್ಮ ಕಡೀ ಮಂದೀನೇ ಮಾಡ್ಯಾರ್ರೀ. ಚಪ್ಪಲಿ ಮಾಡಿದವರ ಹೆಸರು ಯಾರ ಕೇಳ್ತಾರ್ರೀ?"

ಆ ಮಾತು ತಲೆಯಲ್ಲಿ ಉಳಿದುಬಿಟ್ಟಿತ್ತು. ಮೊನ್ನೆ ಒಂದು ಸಣ್ಣ ಸುದ್ದಿ ಓದುವಾಗ ಮತ್ತೆ ನೆನಪಾಯಿತು. ಯಾವ ಬುಲೆಟಿನ್‌ನಲ್ಲೂ ಜಾಗ ಸಿಗದ ಸುದ್ದಿ ಅದು. ಆಫ್ರಿಕಾದ ಉದಯೋನ್ಮುಖ ಡಿಸೈನರ್‌ಗಳಿಗಾಗಿ ಒಂದು ಸ್ಪರ್ಧೆ. ಚರ್ಮದಿಂದ ಬ್ಯಾಗು, ಶೂ, ಉಡುಪು ವಿನ್ಯಾಸ ಮಾಡಬೇಕು. ಷರತ್ತು ಏನಪ್ಪಾ ಅಂದ್ರೆ, ಅದು ಪರಿಸರಕ್ಕೆ ಹೊರೆಯಾಗಬಾರದು, ಬಾಳಿಕೆ ಬರಬೇಕು. ಇಂಗ್ಲಿಷಿನಲ್ಲಿ ಹೇಳೋದಾದ್ರೆ ಸಸ್ಟೇನಬಲ್ ಆಗಿರಬೇಕು.

ಎಲೆಕ್ಷನ್ ಇದೆ, ಬೆಲೆ ಏರಿಕೆ ಇದೆ, ಟ್ರಾಫಿಕ್ ಇದೆ, ಅದನ್ನೆಲ್ಲ ಬಿಟ್ಟು ಆಫ್ರಿಕಾದ ಬ್ಯಾಗಿನ ಕಥೆ ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹತ್ತು ನಿಮಿಷ ಕೊಡಿ. ಆಮೇಲೆ ನಿಮ್ಮ ಕಾಲಲ್ಲಿರೋ ಚಪ್ಪಲಿಯನ್ನ ನೀವೇ ಒಂದು ಸಲ ನೋಡಿಕೊಳ್ತೀರಿ.

ಮೊದಲು ಒಂದು ಹಳೇ ಮೋಸದ ಕಥೆ. ಮೋಸ ಅನ್ನೋದು ದೊಡ್ಡ ಮಾತಾಯ್ತೇನೋ, ಹೆಸರಿನ ಗೊಂದಲ ಅನ್ನೋಣ. ಹಳೇ ಕಾಲದ ಯುರೋಪಿನ ಲೈಬ್ರರಿಗಳಲ್ಲಿ ಕೆಂಪು ಚರ್ಮದ ಹೊದಿಕೆ ಇರೋ ದಪ್ಪ ಪುಸ್ತಕಗಳಿರುತ್ತವೆ. ಆ ಚರ್ಮಕ್ಕೆ ಹೆಸರು 'ಮೊರೊಕ್ಕೊ ಲೆದರ್'. ಮೃದು, ಗಟ್ಟಿ, ನೂರಾರು ವರ್ಷ ಬಾಳುತ್ತೆ. ಹೆಸರು ಮೊರೊಕ್ಕೊದ್ದು. ಆದರೆ ಅದರಲ್ಲಿ ಎಷ್ಟೋ ಚರ್ಮ ಹುಟ್ಟಿದ್ದು ಮೊರೊಕ್ಕೊದಲ್ಲಿ ಅಲ್ಲವೇ ಅಲ್ಲ. ಸಹಾರಾ ಮರುಭೂಮಿಯ ಇನ್ನೊಂದು ತುದಿ, ಇವತ್ತಿನ ನೈಜೀರಿಯಾದ ಉತ್ತರ ಭಾಗದ ಕಾನೋ ಮತ್ತು ಸೊಕೊಟೊ ಪಟ್ಟಣಗಳಲ್ಲಿ.

ಅಲ್ಲಿ ಸೊಕೊಟೊ ಕೆಂಪು ಮೇಕೆ ಅಂತ ಒಂದು ತಳಿ ಇದೆ. ಅದರ ಚರ್ಮ ಬಹಳ ನಯ, ಎಳೆಗಳು ಬಹಳ ಬಿಗಿ. ಹೌಸಾ ಜನ ಆ ಚರ್ಮವನ್ನ ಒಂದು ಮರದ ಕಾಯಿಯಿಂದ ಹದ ಮಾಡುತ್ತಿದ್ದರು. ಆ ಮರಕ್ಕೆ ಅವರ ಭಾಷೆಯಲ್ಲಿ 'ಬಗರುವಾ' ಅಂತಾರೆ. ಹದವಾದ ಚರ್ಮ ಒಂಟೆಗಳ ಮೇಲೆ ಮರುಭೂಮಿ ದಾಟಿ ಉತ್ತರಕ್ಕೆ ಹೋಗ್ತಿತ್ತು. ಅಲ್ಲಿಂದ ಹಡಗು ಹತ್ತಿ ಯುರೋಪಿಗೆ. 1851ರಲ್ಲಿ ಜರ್ಮನಿಯ ಪ್ರವಾಸಿ ಹೈನ್ರಿಖ್ ಬಾರ್ತ್ ಕಾನೋಗೆ ಹೋಗಿದ್ದರು. ಆ ಊರಿನ ಚರ್ಮದ ಕೆಲಸವನ್ನ, ಅದು ಉತ್ತರ ಆಫ್ರಿಕಾದವರೆಗೂ ಹೋಗ್ತಿದ್ದದ್ದನ್ನ ಅವರು ಬರೆದಿಟ್ಟಿದ್ದಾರೆ. ಆದರೆ ಯುರೋಪಿನ ಗಿರಾಕಿಗೆ ಅದೆಲ್ಲ ಯಾಕೆ ಬೇಕು? ಅವನ ಬಂದರಿಗೆ ಸರಕು ಎಲ್ಲಿಂದ ಬಂತೋ ಅದೇ ಹೆಸರು. ಮಾಡಿದವನು ಕಾನೋದವನು, ಹೆಸರು ದಾರಿಯಲ್ಲಿ ಸಿಕ್ಕ ಊರಿನದು.

ಅಂದಹಾಗೆ, ಆ ಬಗರುವಾ ಮರ ಯಾವುದು ಗೊತ್ತಾ? ನಮ್ಮ ಕರಿಜಾಲಿ. ಉತ್ತರ ಕರ್ನಾಟಕದ ಹೊಲದ ಬದುವಿನಲ್ಲಿ ನಿಂತಿರುತ್ತಲ್ಲ, ಅದೇ ಜಾಲಿ. ನನ್ನ ಕಾಲಿನ ಚಪ್ಪಲಿಯಂಥವನ್ನ ಸಂಪ್ರದಾಯದಲ್ಲಿ ಹದ ಮಾಡೋದೂ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದಲೇ. ಕಾನೋಗೂ ಅಥಣಿಗೂ ಮಧ್ಯೆ ಒಂದು ಸಮುದ್ರ, ಒಂದು ಖಂಡದಷ್ಟು ದೂರ. ಮರ ಒಂದೇ, ವಿದ್ಯೆಯೂ ಹೆಚ್ಚುಕಮ್ಮಿ ಒಂದೇ. ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲ ಅನ್ನೋದೂ ಒಂದೇ!

ಈಗ ಇವತ್ತಿಗೆ ಬರೋಣ. ಪರಿಸ್ಥಿತಿ ಬದಲಾಗಿದೆಯಾ? ಒಂಟೆ ಹೋಗಿ ಕಂಟೈನರ್ ಬಂದಿದೆ, ಅಷ್ಟೇ. ನೈಜೀರಿಯಾದ ಚರ್ಮದ ಬಹುಪಾಲು ಅರ್ಧ ಹದವಾಗಿ ಇಟಲಿಗೆ, ಸ್ಪೇನಿಗೆ, ಚೀನಾಕ್ಕೆ ಹೋಗುತ್ತೆ. ನಮ್ಮ ಭಾರತಕ್ಕೂ ಬರುತ್ತೆ. ಅಲ್ಲಿ ಬಣ್ಣ, ಹೊಳಪು, ಹೊಲಿಗೆ, ಬಕಲ್, ಕೊನೆಗೆ ಒಂದು ಬ್ರ್ಯಾಂಡ್ ಹೆಸರು. ಆಮೇಲೆ ಅದೇ ಚರ್ಮ ಬ್ಯಾಗಾಗಿ ಲೇಗೋಸ್ ನಗರದ ಮಾಲ್‌ಗೆ ವಾಪಸ್ ಬಂದರೂ ಆಶ್ಚರ್ಯ ಇಲ್ಲ. ಲೇಗೋಸಿನಲ್ಲಿ ಸ್ವಂತ ಬ್ಯಾಗ್ ಮಾಡೋ ಹುಡುಗಿ ಒಬ್ಬಳು ಇದ್ದಾಳೆ ಅಂದುಕೊಳ್ಳಿ. ಅವಳಿಗೆ ಒಳ್ಳೆಯ ಫಿನಿಶ್ ಆಗಿರೋ ಚರ್ಮ ಬೇಕಾದರೆ ಎಷ್ಟೋ ಸಲ ಹೊರದೇಶದಿಂದಲೇ ತರಿಸಬೇಕು. ಜಿಪ್ಪು, ಬಕಲ್ಲು, ದಾರ, ಅವೂ ಹೊರಗಿನವೇ. ತನ್ನೂರಿನ ಮೇಕೆಯ ಚರ್ಮವನ್ನ ಡಾಲರ್ ಕೊಟ್ಟು ವಾಪಸ್ ಕೊಳ್ಳೋದು! ಹಾಲು ನಮ್ಮದು, ಮೊಸರಿಗೆ ಪಕ್ಕದ ಮನೆಗೆ ಕಾಸು ಕೊಡೋದು.

ಇದನ್ನ ಸರಿ ಮಾಡೋಕೆ ಸರ್ಕಾರಗಳು ಪ್ರಯತ್ನ ಪಟ್ಟಿಲ್ವಾ? ಪಟ್ಟಿವೆ. ಇಥಿಯೋಪಿಯಾ ನೋಡಿ. ಆಫ್ರಿಕಾದಲ್ಲೇ ಅತಿ ಹೆಚ್ಚು ಜಾನುವಾರು ಇರೋ ದೇಶ, ದನಗಳೇ ಸುಮಾರು 7 ಕೋಟಿ. ಅಲ್ಲಿನ ಕುರಿಯ ಚರ್ಮ ಎಷ್ಟು ತೆಳು, ಎಷ್ಟು ಗಟ್ಟಿ ಅಂದ್ರೆ ಗಾಲ್ಫ್ ಆಡುವವರ ಕೈಗವಸಿಗೆ ಪ್ರಪಂಚದಲ್ಲೆಲ್ಲ ಹೆಸರುವಾಸಿ. 2008ರಲ್ಲಿ ಅಲ್ಲಿನ ಸರ್ಕಾರ ಒಂದು ನಿರ್ಧಾರ ಮಾಡಿತು. ಹಸಿ ತೊಗಲು, ಅರ್ಧ ಹದವಾದ ಚರ್ಮ ರಫ್ತು ಮಾಡಿದರೆ 150 ಪರ್ಸೆಂಟ್ ತೆರಿಗೆ. ಅಂದ್ರೆ ನೂರು ರೂಪಾಯಿ ಮಾಲಿಗೆ ನೂರೈವತ್ತು ರೂಪಾಯಿ ತೆರಿಗೆ. ಸಂದೇಶ ಸ್ಪಷ್ಟ: ತೊಗಲು ಹೊರಗೆ ಹೋಗಬಾರದು, ಇಲ್ಲೇ ಶೂ ಆಗಬೇಕು, ಇಲ್ಲೇ ಬ್ಯಾಗ್ ಆಗಬೇಕು.

ಅದಕ್ಕೆ ವಿದ್ಯೆ ಬೇಕಲ್ವಾ? ವಿದ್ಯೆ ಕೇಳಿಕೊಂಡು ಅವರು ಬಂದದ್ದು ನಮ್ಮ ಪಕ್ಕದ ಚೆನ್ನೈಗೆ. ಅಲ್ಲಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಮತ್ತು ನಮ್ಮ ದೇಶದ ಪಾದರಕ್ಷೆ ವಿನ್ಯಾಸ ಸಂಸ್ಥೆ, ಎರಡೂ 2011ರಿಂದ ಇಥಿಯೋಪಿಯಾದ ಚರ್ಮ ಸಂಸ್ಥೆಯ ಜೊತೆ ಜೋಡಿಯಾಗಿ ಕೆಲಸ ಮಾಡಿದವು. ನಾವು ಕಲಿಸುವ ಸ್ಥಾನದಲ್ಲಿ ಇದ್ದೆವು ಅನ್ನೋದು ಹೆಮ್ಮೆಯ ವಿಷಯ, ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ ಹೇಳಿ?

ಫಲಿತಾಂಶ ಏನಾಯ್ತು? 2015ರ ಹೊತ್ತಿಗೆ ವರ್ಷಕ್ಕೆ 50 ಕೋಟಿ ಡಾಲರ್ ಚರ್ಮದ ರಫ್ತು ಅಂತ ಗುರಿ ಇಟ್ಟುಕೊಂಡಿದ್ದರು. ಅದರ ಮೂರನೇ ಒಂದು ಭಾಗವನ್ನೂ ಮುಟ್ಟಲಿಲ್ಲ. ಶೂ ಫ್ಯಾಕ್ಟರಿಗಳು ಬಂದವು, ಕೆಲಸವೂ ಸಿಕ್ಕಿತು, ಸುಳ್ಳು ಹೇಳಬಾರದು. ಆದರೆ ಗೇಟು ಹಾಕಿದ ತಕ್ಷಣ ಒಳಗೆ ಅಡುಗೆ ಆಗಿಬಿಡೋದಿಲ್ಲ. ತೊಗಲಿನ ಗುಣಮಟ್ಟ ಬೇಕು, ಕೆಮಿಕಲ್ ಬೇಕು, ವಿದೇಶಿ ವಿನಿಮಯ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಿದ ವಸ್ತುವನ್ನ ಜನ ಆಸೆಪಟ್ಟು ಕೇಳಬೇಕು. 'ನನಗೆ ಅದೇ ಬೇಕು' ಅನ್ನಬೇಕು. ಆ ಆಸೆ ಹುಟ್ಟಿಸೋದು ತೆರಿಗೆ ಅಲ್ಲ ವೀಕ್ಷಕರೇ, ಡಿಸೈನು.

ಅದಕ್ಕೇ ಈ ಸ್ಪರ್ಧೆ ನನಗೆ ಮುಖ್ಯ ಅನ್ನಿಸಿದ್ದು. ತೊಗಲಿನ ಬೆಲೆ ನಿಗದಿಯಾಗೋದು ತೂಕದ ಮೇಲೆ, ಚರ್ಮದ ಬೆಲೆ ಅಳತೆಯ ಮೇಲೆ. ಬ್ಯಾಗಿನ ಬೆಲೆ? ಅದು ಹೆಸರಿನ ಮೇಲೆ. ಆಫ್ರಿಕಾದ ಹತ್ತಿರ ಮೊದಲ ಎರಡು ಯಾವತ್ತೂ ಇದ್ದವು. ಮೂರನೆಯದನ್ನ ಕಟ್ಟೋರು ಈ ಇಪ್ಪತ್ತು, ಇಪ್ಪತ್ತೈದು ವಯಸ್ಸಿನ ಹುಡುಗ ಹುಡುಗಿಯರು. ಅಡಿಸ್ ಅಬಾಬಾದಲ್ಲಿ ಆಫ್ರಿಕಾದ ಚರ್ಮೋದ್ಯಮಕ್ಕಾಗಿಯೇ ಒಂದು ಪ್ರಾದೇಶಿಕ ಸಂಸ್ಥೆ ಇದೆ. ಲೇಗೋಸಿನಲ್ಲಿ 2017ರಿಂದ ಒಂದು ಚರ್ಮದ ಮೇಳ ನಡೀತಿದೆ. ಶುರು ಮಾಡಿದವರು ಫೆಮಿ ಒಲಾಯೆಬಿ, ತಾವೇ ಹ್ಯಾಂಡ್‌ಬ್ಯಾಗ್ ಮಾಡಿ ಬೆಳೆದ ಉದ್ಯಮಿ ಮಹಿಳೆ. ಅಡಿಸ್ ಅಬಾಬಾದಲ್ಲಿ ಬೆತ್ಲೆಹೆಮ್ ತಿಲಾಹುನ್ ಅನ್ನೋ ಹೆಣ್ಣುಮಗಳು ಇಪ್ಪತ್ತು ವರ್ಷದ ಹಿಂದೆ ಹಳೇ ಟೈರಿನ ಅಟ್ಟೆ ಹಾಕಿ ಪಾದರಕ್ಷೆ ಮಾಡೋಕೆ ಶುರು ಮಾಡಿದರು. 'ಸೋಲ್‌ರೆಬೆಲ್ಸ್' ಅಂತ ಅದರ ಹೆಸರು, ಪ್ರಪಂಚದ ಎಷ್ಟೋ ದೇಶಗಳಿಗೆ ಹೋಯಿತು. ದಾರಿ ಇದೆ ಅಂತ ಇವರು ತೋರಿಸಿದ್ದಾರೆ.

ಈಗ ಆ ಇನ್ನೊಂದು ಪದಕ್ಕೆ ಬರ್ತೀನಿ. ಸಸ್ಟೇನಬಲ್. ಈ ಪದ ಇವತ್ತು ಅರಿಶಿನ ಕುಂಕುಮದ ಹಾಗೆ ಆಗಿಬಿಟ್ಟಿದೆ, ಎಲ್ಲದಕ್ಕೂ ಹಚ್ಚೋದೇ. ನಾನು ಓದಿದ್ದು ಎಂಜಿನಿಯರಿಂಗ್. ಪದ ಕೇಳಿದ ತಕ್ಷಣ 'ಲೆಕ್ಕ ತೋರಿಸಿ' ಅನ್ನೋ ಚಟ. ಹಾಗಾಗಿ ಮೂರು ಪ್ರಶ್ನೆ ಇಟ್ಟುಕೊಂಡಿದ್ದೀನಿ. ಚರ್ಮದ ಯಾವ ವಸ್ತು ತಂದರೂ ಈ ಮೂರು ಕೇಳಿ.

ಮೊದಲನೇ ಪ್ರಶ್ನೆ: ಪ್ರಾಣಿಯನ್ನ ಕೊಂದದ್ದು ಯಾತಕ್ಕೆ?

ಮಾಂಸಕ್ಕಾಗಿ ಕಡಿದ ಮೇಲೆ ಉಳಿಯೋ ತೊಗಲನ್ನ ಬಳಸೋದು ಬೇರೆ. ತೊಗಲಿಗಾಗಿಯೇ ಕೊಲ್ಲೋದು ಬೇರೆ. ಮೊದಲನೆಯದು ಬಿಸಾಡೋದನ್ನ ಉಳಿಸೋದು. ಎರಡನೆಯದು ಏನಾಗುತ್ತೆ ಅಂತ ಆಫ್ರಿಕಾ ಕತ್ತೆಗಳ ವಿಷಯದಲ್ಲಿ ನೋಡಿದೆ. ಚೀನಾದಲ್ಲಿ 'ಎಜಿಯಾವ್' ಅಂತ ಒಂದು ಸಾಂಪ್ರದಾಯಿಕ ಔಷಧಿ ಇದೆ, ಕತ್ತೆಯ ತೊಗಲನ್ನ ಕುದಿಸಿ ತೆಗೆದ ಜಿಲೆಟಿನ್‌ನಿಂದ ಮಾಡೋದು. ಬೇಡಿಕೆ ಏರಿತು, ಆಫ್ರಿಕಾದ ಹಳ್ಳಿಗಳಲ್ಲಿ ಕತ್ತೆ ಕಳ್ಳತನ ಶುರುವಾಯಿತು. ರಾತ್ರಿ ಕಟ್ಟಿದ ಕತ್ತೆ ಬೆಳಗ್ಗೆ ಇಲ್ಲ. ಅಲ್ಲಿ ಕತ್ತೆ ಅಂದ್ರೆ ನೀರು ಹೊರೋದು, ಸೌದೆ ಹೊರೋದು, ಸಂತೆಗೆ ಹೋಗೋದು. ಕತ್ತೆ ಹೋದರೆ ಆ ಭಾರ ಹೆಂಗಸರ ತಲೆ ಮೇಲೆ, ಮಕ್ಕಳ ತಲೆ ಮೇಲೆ. ಕೊನೆಗೆ 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟದ ನಾಯಕರು ತೊಗಲಿಗಾಗಿ ಕತ್ತೆ ಕೊಲ್ಲೋದನ್ನ ಇಡೀ ಖಂಡದಲ್ಲಿ ನಿಷೇಧಿಸಲು ಒಪ್ಪಿದರು. ಇದು ಬ್ಯಾಗಿನ ಚರ್ಮದ ಕಥೆ ಅಲ್ಲ, ನಿಜ. ಆದರೆ ಪಾಠ ಅದೇ. ತೊಗಲಿಗೆ ಪ್ರಾಣಿಗಿಂತ ಹೆಚ್ಚು ಬೆಲೆ ಬಂದ ದಿನ ಲೆಕ್ಕ ತಪ್ಪುತ್ತೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಕೀನ್ಯಾದಲ್ಲಿ ವಿಕ್ಟೋರಿಯಾ ಸರೋವರದ ದಡದಲ್ಲಿ ಕಿಸುಮು ಅಂತ ಊರು. ಅಲ್ಲಿ ನೈಲ್ ಪರ್ಚ್ ಅನ್ನೋ ದೊಡ್ಡ ಮೀನು ಸಿಗುತ್ತೆ. ಮಾಂಸ ಫ್ಯಾಕ್ಟರಿಯಿಂದ ರಫ್ತಾಗುತ್ತೆ, ಚರ್ಮ ಕಸಕ್ಕೆ. ಆ ಕಸವನ್ನ ಎತ್ತಿಕೊಂಡು, ಹದ ಮಾಡಿ, ಪರ್ಸು, ಶೂ, ಜಾಕೆಟ್ ಮಾಡೋರು ಅಲ್ಲಿ ಇದ್ದಾರೆ. ಮೀನಿನ ಚರ್ಮ ಅಂದ್ರೆ ಮೂಗು ಮುಚ್ಚಿಕೊಳ್ಳಬೇಡಿ, ಸರಿಯಾಗಿ ಹದವಾದರೆ ವಾಸನೆ ಇರೋದಿಲ್ಲ. ಹುರುಪೆಗಳ ಗುರುತು ಒಂದು ಚೆಂದದ ವಿನ್ಯಾಸ ಆಗಿ ಉಳಿಯುತ್ತೆ.

ನೈಜೀರಿಯಾದಲ್ಲಿ ಇನ್ನೊಂದು ತಮಾಷೆಯ ಜಗಳ. ಅಲ್ಲಿ ದನದ ತೊಗಲನ್ನ ಬೇಯಿಸಿ ತಿಂತಾರೆ. 'ಪೊನ್ಮೊ' ಅಂತ ಹೆಸರು, ಬಡವರ ಸಾರಿನಲ್ಲಿ ಮಾಂಸದ ಜಾಗದಲ್ಲಿ ಇದೇ ಇರುತ್ತೆ. 2022ರಲ್ಲಿ ಅಲ್ಲಿನ ಸರ್ಕಾರಿ ಚರ್ಮ ಸಂಸ್ಥೆಯ ಮುಖ್ಯಸ್ಥರು, ಪೊನ್ಮೊ ನಿಷೇಧಿಸಿ, ಆಗ ಚರ್ಮೋದ್ಯಮಕ್ಕೆ ತೊಗಲು ಸಿಗುತ್ತೆ ಅಂದರು. ಜನ ಸುಮ್ಮನಿರ್ತಾರಾ? ದೇಶವೇ ರೊಚ್ಚಿಗೆದ್ದಿತು. ನನ್ನನ್ನ ಕೇಳಿದರೆ ಜನ ಹೇಳಿದ್ದೇ ಸರಿ. ಬಡವನ ತಟ್ಟೆಯಿಂದ ಕಿತ್ತುಕೊಂಡು ಶ್ರೀಮಂತನ ಬ್ಯಾಗಿಗೆ ಹಾಕೋದನ್ನ ಸಸ್ಟೇನಬಲ್ ಅಂತ ಕರೆಯೋಕೆ ನನಗೆ ಬಾಯಿ ಬರೋದಿಲ್ಲ.

ಎರಡನೇ ಪ್ರಶ್ನೆ: ಹದ ಮಾಡಿದ್ದು ಹೇಗೆ, ಆ ನೀರು ಎಲ್ಲಿಗೆ ಹೋಯ್ತು?

ಹಸಿ ತೊಗಲು ಹಾಗೇ ಬಿಟ್ಟರೆ ಕೊಳೆಯುತ್ತೆ. ಅದರಲ್ಲಿರೋ ಕೊಲಾಜೆನ್ ಅನ್ನೋ ಪ್ರೋಟೀನಿನ ಎಳೆಗಳನ್ನ ಒಂದಕ್ಕೊಂದು ಕಟ್ಟಿಹಾಕಿದರೆ ಕೊಳೆಯೋದು ನಿಲ್ಲುತ್ತೆ. ಆ ಕಟ್ಟಿಹಾಕೋ ಕೆಲಸಕ್ಕೇ ಹದ ಮಾಡೋದು ಅನ್ನೋದು. ಜಾಲಿ ಕಾಯಿ, ತೊಗಟೆ, ಅಳಲೆಕಾಯಿಯಲ್ಲಿರೋ ಒಗರು ಇದೆಯಲ್ಲ, ಟ್ಯಾನಿನ್, ಅದು ಈ ಕೆಲಸ ಮಾಡುತ್ತೆ. ಆದರೆ ವಾರಗಟ್ಟಲೆ ಬೇಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ಕ್ರೋಮಿಯಂ ಉಪ್ಪಿನಿಂದ ಹದ ಮಾಡೋ ವಿಧಾನ ಬಂತು. ಒಂದೆರಡು ದಿನದಲ್ಲಿ ಮುಗಿಯುತ್ತೆ, ಚರ್ಮ ಮೆತ್ತಗಿರುತ್ತೆ, ಬಣ್ಣ ಚೆನ್ನಾಗಿ ಹಿಡಿಯುತ್ತೆ. ಇವತ್ತು ಪ್ರಪಂಚದ ಚರ್ಮದಲ್ಲಿ ಬಹುಪಾಲು ಇದೇ. ಹದವಾದಾಗ ತಿಳಿ ನೀಲಿ ಬಣ್ಣಕ್ಕೆ ತಿರುಗುತ್ತೆ, ಹಾಗಾಗಿ ವ್ಯಾಪಾರದಲ್ಲಿ ಅದಕ್ಕೆ 'ವೆಟ್ ಬ್ಲೂ' ಅಂತಾರೆ.

ಹದ ಮಾಡೋಕೆ ಹಾಕೋ ಕ್ರೋಮಿಯಂ, ಅಂದರೆ ಮೂರರ ವೇಲೆನ್ಸಿಯದು, ಅಷ್ಟೊಂದು ಅಪಾಯಕಾರಿ ಅಲ್ಲ. ಕೆಲಸ ಸರಿಯಾಗಿ ಮಾಡದಿದ್ದರೆ ಅದರಲ್ಲಿ ಸ್ವಲ್ಪ ಆರರ ವೇಲೆನ್ಸಿಗೆ ತಿರುಗುತ್ತೆ. ಅದು ವಿಷ, ಕ್ಯಾನ್ಸರ್‌ಗೂ ಕಾರಣ ಆಗುತ್ತೆ. ಅದಕ್ಕೇ ಯುರೋಪ್ 2015ರಿಂದ ಮೈಗೆ ತಗಲೋ ಚರ್ಮದ ವಸ್ತುಗಳಿಗೆ ಮಿತಿ ಹಾಕಿದೆ: ಒಂದು ಕೆಜಿ ಚರ್ಮದಲ್ಲಿ ಆ ಕ್ರೋಮಿಯಂ 3 ಮಿಲಿಗ್ರಾಂ ಮುಟ್ಟಬಾರದು. ಇನ್ನೊಂದು ಲೆಕ್ಕ ಕೇಳಿ. ಒಂದು ಟನ್ ಹಸಿ ತೊಗಲಿನಿಂದ ಕೊನೆಗೆ ಸಿಗೋ ಚರ್ಮ ಸುಮಾರು 200ರಿಂದ 250 ಕೆಜಿ. ಉಳಿದದ್ದು? ಕೂದಲು, ಕೊಬ್ಬು, ಚೂರು, ಕೆಸರು. ಅದೆಲ್ಲ ಎಲ್ಲೋ ಒಂದು ಕಡೆ ಹೋಗಲೇಬೇಕು.

ಕಾನೋದಲ್ಲಿ ಅದು ಎಷ್ಟೋ ವರ್ಷ ಚಲ್ಲಾವಾ ನದಿಗೆ ಹೋಯಿತು. ನಮ್ಮಲ್ಲಿ? ನಂದಿ ಬೆಟ್ಟದ ಕಡೆ ಹುಟ್ಟೋ ಪಾಲಾರ್ ನದಿ ತಮಿಳುನಾಡಿಗೆ ಇಳಿದ ಮೇಲೆ ಏನಾಯ್ತು ಅಂತ ವಾಣಿಯಂಬಾಡಿ, ಆಂಬೂರು ಕಡೆಯ ರೈತರನ್ನ ಕೇಳಿ. 1996ರಲ್ಲಿ ಸುಪ್ರೀಂ ಕೋರ್ಟ್ 'ಕೆಡಿಸಿದವನೇ ಸರಿಪಡಿಸಬೇಕು, ಪರಿಹಾರವೂ ಕೊಡಬೇಕು' ಅಂತ ಹೇಳಿದ ಪ್ರಸಿದ್ಧ ತೀರ್ಪು ಬಂದದ್ದು ಅಲ್ಲಿನ ಟ್ಯಾನರಿಗಳ ವಿಷಯದಲ್ಲೇ.

ಹಾಗಾದ್ರೆ ಮರದ ತೊಗಟೆಯಿಂದ ಹದ ಮಾಡಿದರೆ ಪಾಪ ಇಲ್ಲವಾ? ಅದೂ ಅಷ್ಟು ಸುಲಭ ಇಲ್ಲ. ಆ ನೀರನ್ನೂ ಶುದ್ಧ ಮಾಡದೆ ಬಿಟ್ಟರೆ ನದಿಯ ಆಮ್ಲಜನಕ ತಿಂದುಹಾಕುತ್ತೆ. ತೊಗಟೆಗೆ ಅಂತ ಮರ ಸುಲಿದರೆ ಮರ ಸಾಯುತ್ತೆ. ಕಾನೋದ ಹಳಬರು ತೊಗಟೆ ಬಿಟ್ಟು ಕಾಯಿಯನ್ನ ಹೆಚ್ಚು ಬಳಸಿದ್ದರಲ್ಲ, ಅದರಿಂದ ಒಂದು ಲಾಭ ಇದೆ. ಕಾಯಿ ಮುಂದಿನ ವರ್ಷ ಮತ್ತೆ ಬಿಡುತ್ತೆ. ಇದನ್ನ ಈಗ ನಾವು ಸಸ್ಟೇನಬಿಲಿಟಿ ಅಂತ ಪಿಪಿಟಿ ಮಾಡಿ ಹೇಳ್ತಿದ್ದೀವಿ.

ಮೂರನೇ ಪ್ರಶ್ನೆ: ಎಷ್ಟು ವರ್ಷ ಬಾಳುತ್ತೆ?

'ವೀಗನ್ ಲೆದರ್' ಅಂತ ಬೋರ್ಡ್ ನೋಡಿರ್ತೀರಿ. ಪ್ರಾಣಿ ಹಿಂಸೆ ಬೇಡ ಅನ್ನೋರ ಭಾವನೆಗೆ ನನ್ನ ಗೌರವ ಇದೆ, ಅದರಲ್ಲಿ ವಾದ ಇಲ್ಲ. ಆದರೆ ಮಾರುಕಟ್ಟೆಯಲ್ಲಿ ಆ ಹೆಸರಲ್ಲಿ ಸಿಗೋದರಲ್ಲಿ ಹೆಚ್ಚಿನದು ಪಾಲಿಯುರೆಥೇನ್ ಅಥವಾ ಪಿವಿಸಿ. ಅಂದ್ರೆ ಪ್ಲಾಸ್ಟಿಕ್. ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತೆ, ಕಸದ ಗುಡ್ಡೆಗೆ ಹೋಗುತ್ತೆ, ಅಲ್ಲಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಒಳ್ಳೆಯ ಚರ್ಮದ ಬ್ಯಾಗು ಇಪ್ಪತ್ತು ವರ್ಷ ಬರುತ್ತೆ. ಹರಿದರೆ ಹೊಲಿಯಬಹುದು. ನಮ್ಮ ಬೀದಿ ಮೂಲೆಯಲ್ಲಿ ಕೂತು ಚಪ್ಪಲಿ ಹೊಲಿಯೋ ಅಣ್ಣ ಇದ್ದಾರಲ್ಲ, ಸಸ್ಟೇನಬಿಲಿಟಿಗೆ ಅವರಿಗಿಂತ ದೊಡ್ಡ ಎಂಜಿನಿಯರ್ ಇಲ್ಲ.

ಈಗ ಡಿಸೈನರ್‌ಗೆ ಬರೋಣ. ಇದರಲ್ಲೆಲ್ಲ ಡಿಸೈನರ್ ಕೈಯಲ್ಲಿ ಏನಿದೆ? ನನಗೂ ಮೊದಲು ಡಿಸೈನ್ ಅಂದ್ರೆ ಚೆಂದ ಕಾಣಿಸೋದು ಅಷ್ಟೇ ಅನ್ನಿಸ್ತಿತ್ತು. ಹಾಗಲ್ಲ. ಬಟ್ಟೆ ಥಾನು ಥಾನಾಗಿ ಒಂದೇ ಸಮ ಬರುತ್ತೆ. ತೊಗಲು ಹಾಗೆ ಬರೋದಿಲ್ಲ. ಕಾಲಿನ ಕಡೆ ಒಂಥರ, ಹೊಟ್ಟೆಯ ಕಡೆ ಒಂಥರ. ಆಫ್ರಿಕಾದ ದನ ಕುರಿಗಳು ಬಯಲಲ್ಲಿ ಮೇಯೋವು. ಮುಳ್ಳು ಗೀರಿರುತ್ತೆ, ಉಣ್ಣೆ ಕಚ್ಚಿರುತ್ತೆ, ಮಾಲೀಕರು ಗುರುತಿಗೆ ಬರೆ ಹಾಕಿರ್ತಾರೆ. ಇಥಿಯೋಪಿಯಾದಲ್ಲಿ 'ಎಕೆಕ್' ಅಂತ ಒಂದು ಚರ್ಮರೋಗ, ಹೇನಿನಂಥ ಹುಳುಗಳಿಂದ ಬರೋದು, ಕುರಿ ಮೇಕೆಯ ಚರ್ಮದ ತುಂಬ ಚುಕ್ಕೆ ಬಿಡುತ್ತೆ. ಇವೆಲ್ಲ ಇರೋ ಚರ್ಮಕ್ಕೆ ಮಾರುಕಟ್ಟೆಯಲ್ಲಿ ಕೆಳ ದರ್ಜೆ, ಕೆಳ ಬೆಲೆ. ದೊಡ್ಡ ಬ್ರ್ಯಾಂಡುಗಳಿಗೆ ಕಲೆ ಇಲ್ಲದ್ದೇ ಬೇಕು.

ಇಲ್ಲೇ ಡಿಸೈನರ್ ಕೆಲಸ ಇರೋದು. ಆ ಗೀರನ್ನ ಮುಚ್ಚೋಕೆ ದಪ್ಪ ಪ್ಲಾಸ್ಟಿಕ್ ಬಣ್ಣ ಬಳಿಯೋ ಬದಲು ಅದನ್ನೇ ಬ್ಯಾಗಿನ ಮುಖಕ್ಕೆ ತಂದರೆ? ಸಣ್ಣ ಸಣ್ಣ ಚೂರುಗಳನ್ನ ಹೆಣೆದು ಪಟ್ಟಿ ಮಾಡಿದರೆ? ಕತ್ತರಿಸುವಾಗ ವೇಸ್ಟ್ ಕಮ್ಮಿ ಆಗೋ ಹಾಗೆ ಆಕಾರ ಇಟ್ಟರೆ? ಹೊಲಿಗೆ ಬಿಚ್ಚಿ ರಿಪೇರಿ ಮಾಡೋ ಹಾಗೆ ಕಟ್ಟಿದರೆ? ಆಗ ಮೂರನೇ ದರ್ಜೆ ಅಂತ ತಳ್ಳಿದ ಚರ್ಮಕ್ಕೆ ಮೊದಲ ದರ್ಜೆಯ ಬೆಲೆ ಬರುತ್ತೆ. ಅದರ ಲಾಭ ಕುರಿ ಸಾಕಿದವನವರೆಗೂ ಇಳಿಯೋ ಸಾಧ್ಯತೆ ಹುಟ್ಟುತ್ತೆ. ಒಂದು ಪೆನ್ಸಿಲ್ ಗೆರೆಗೆ ಇಷ್ಟು ಶಕ್ತಿ ಇದೆ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಮುಜುಗರದ ಪ್ರಶ್ನೆಯನ್ನೂ ಕೇಳಬೇಕು, ಇಲ್ಲದಿದ್ದರೆ ನಾನು ಪತ್ರಕರ್ತ ಅನ್ನಿಸಿಕೊಳ್ಳೋಕೆ ಯೋಗ್ಯ ಅಲ್ಲ. ಇಂಥ ಸ್ಪರ್ಧೆಗಳಿಗೆ ದುಡ್ಡು ಕೊಡೋರು ಯಾರು? ಪ್ರಪಂಚದಲ್ಲಿ ಯುವ ಡಿಸೈನರ್‌ಗಳಿಗೆ ಚರ್ಮದ ಸ್ಪರ್ಧೆ ನಡೆಸೋದರಲ್ಲಿ ಹೆಸರು ಮಾಡಿರೋದು 'ರಿಯಲ್ ಲೆದರ್, ಸ್ಟೇ ಡಿಫರೆಂಟ್' ಅನ್ನೋ ಅಭಿಯಾನ. ಅದರ ಹಿಂದೆ ಇರೋದು ಅಮೆರಿಕದ ತೊಗಲು ಮತ್ತು ಚರ್ಮ ಉದ್ಯಮದ ಸಂಘಟನೆ. ಅಮೆರಿಕದಲ್ಲಿ ದನದ ಮಾಂಸ ಜಾಸ್ತಿ ತಿಂತಾರೆ, ತೊಗಲು ರಾಶಿ ಬೀಳುತ್ತೆ, ಪ್ಲಾಸ್ಟಿಕ್ ಬಂದು ಚರ್ಮದ ಬೇಡಿಕೆ ಇಳಿದಿದೆ. ಮುಂದಿನ ತಲೆಮಾರಿನ ಡಿಸೈನರ್ ಚರ್ಮವನ್ನೇ ಮುಟ್ಟದೆ ಹೋದರೆ ಅವರ ವ್ಯಾಪಾರ ಮುಗೀತು. ಅವರಿಗೆ ಅವರದೇ ಲೆಕ್ಕ ಇದೆ.

ಅದು ತಪ್ಪಾ? ತಪ್ಪು ಅಂತ ನಾನು ಹೇಳೋದಿಲ್ಲ. ಗೊಬ್ಬರ ಕಂಪನಿ ಕೃಷಿ ಮೇಳಕ್ಕೆ ಪೆಂಡಾಲ್ ಹಾಕಿಸೋದಿಲ್ವಾ? ಪೆಂಡಾಲಿನ ನೆರಳು ರೈತನಿಗೂ ಸಿಗುತ್ತೆ. ಆದರೆ ಪೆಂಡಾಲ್ ಯಾರದು ಅಂತ ಗೊತ್ತಿರಬೇಕು. ಪ್ರಾಯೋಜಕರು ಚರ್ಮ ಒಳ್ಳೆಯದು ಅಂತ ಹೇಳೇ ಹೇಳ್ತಾರೆ. ಚಲ್ಲಾವಾ ನದಿಯ ವಿಷಯ ಅವರು ಎತ್ತಲಿಕ್ಕಿಲ್ಲ. ಅದನ್ನ ಎತ್ತಬೇಕಾದವರು ತೀರ್ಪುಗಾರರು, ಸ್ಪರ್ಧಿಗಳು, ನಮ್ಮಂಥ ನೋಡುಗರು.

ಇನ್ನೊಂದು ಪ್ರಶ್ನೆ. ಬಹುಮಾನ ಬಂತು, ಫೋಟೋ ಬಂತು, ಚಪ್ಪಾಳೆ ಬಂತು. ಆಮೇಲೆ? ನಮ್ಮಲ್ಲೂ ಕಾಲೇಜು ಪ್ರಾಜೆಕ್ಟ್ ಎಕ್ಸಿಬಿಷನ್ ಅಂತ ಮಾಡ್ತೀವಿ. ನಾನೂ ಮಾಡಿದ್ದೀನಿ. ಕಪ್ ಬಂತು, ಸರ್ಟಿಫಿಕೇಟ್ ಬಂತು, ಆ ಮಾಡೆಲ್ ಈಗ ನಮ್ಮ ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಕೂತಿದೆ. ಗೆದ್ದ ಹುಡುಗಿಗೆ ಬೇಕಾಗಿರೋದು ಟ್ರೋಫಿ ಅಲ್ಲ. ಐವತ್ತು ಬ್ಯಾಗಿನ ಆರ್ಡರ್ ಬೇಕು. ಆ ಆರ್ಡರಿಗೆ ಸಾಲ ಕೊಡೋ ಬ್ಯಾಂಕು ಬೇಕು. ಪಕ್ಕದ ದೇಶಕ್ಕೆ ಕಳಿಸಿದರೆ ಗಡಿಯಲ್ಲಿ ಸುಂಕ ಹಾಕಿ ಕೂರಿಸಬಾರದು. ಆಫ್ರಿಕಾದ ಮುಕ್ತ ವ್ಯಾಪಾರ ಒಪ್ಪಂದದ ಅಡಿ 2021ರ ಜನವರಿಯಿಂದ ವ್ಯಾಪಾರ ಶುರುವಾಗಿದೆ ಅಂತ ಕಾಗದದಲ್ಲಿದೆ. ಲೇಗೋಸಿನ ಬ್ಯಾಗು ನೈರೋಬಿಗೆ ಸಲೀಸಾಗಿ ಹೋಗಿ ಮಾರಾಟ ಆಗೋ ದಿನ ಆ ಕಾಗದಕ್ಕೆ ಬೆಲೆ ಬಂತು ಅಂತ ಅರ್ಥ.

ಮತ್ತೆ ಹೆಸರು. ಹೆಸರಿನ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಈ ಏಟು ನಮಗೂ ಬಿದ್ದಿದೆ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಶೋದಲ್ಲಿ ಪ್ರಾಡಾ ಕಂಪನಿಯ ಮಾಡೆಲ್‌ಗಳು ಹಾಕಿಕೊಂಡು ಬಂದದ್ದೇನು? ಕೊಲ್ಹಾಪುರಿ ಥರದ ಚಪ್ಪಲಿ. ಹೆಸರು? ಬರೀ 'ಚರ್ಮದ ಸ್ಯಾಂಡಲ್'. ಕೊಲ್ಹಾಪುರ ಅಂತಲೂ ಇಲ್ಲ, ಭಾರತ ಅಂತಲೂ ಇಲ್ಲ. ಗಲಾಟೆ ಆಯ್ತು, ಕಂಪನಿ ಒಪ್ಪಿಕೊಂಡಿತು, ಡಿಸೆಂಬರ್‌ನಲ್ಲಿ ಒಪ್ಪಂದವೂ ಆಯ್ತು. ಒಪ್ಪಂದ ಆದದ್ದು ಮಹಾರಾಷ್ಟ್ರದ ಚರ್ಮೋದ್ಯಮ ನಿಗಮದ ಜೊತೆ, ಮತ್ತು ನಮ್ಮ ಕರ್ನಾಟಕದ ಲಿಡ್‌ಕರ್ ಜೊತೆ. ಇಲ್ಲೇ ಮಾಡಿಸಿ 2,000 ಜೊತೆ, ಒಂದು ಜೊತೆಗೆ ಸುಮಾರು 800 ಯೂರೋ. ನಮ್ಮ ಕೈಯಲ್ಲಿ ಈ ಮಾತುಕತೆಗೆ ಕೂರುವ ಬಲ ಎಲ್ಲಿಂದ ಬಂತು? ಕೊಲ್ಹಾಪುರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇತ್ತು. ಎಂಟು ಜಿಲ್ಲೆ, ಅದರಲ್ಲಿ ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹೆಸರು ಕಾಗದದ ಮೇಲೆ ಇತ್ತು, ಹಾಗಾಗಿ ಕೇಳೋಕೆ ಬಾಯಿ ಬಂತು. ಕಾನೋದ ಕುಶಲಕರ್ಮಿಗೆ ನೂರೈವತ್ತು ವರ್ಷದ ಹಿಂದೆ ಆ ಕಾಗದ ಇರಲಿಲ್ಲ.

ಕೊನೆಯದಾಗಿ ಒಂದು ಮಾತು, ಇದು ಸ್ವಲ್ಪ ಕಹಿ. ಚರ್ಮ ಮುಟ್ಟೋರನ್ನ ಸಮಾಜ ಹೇಗೆ ನೋಡಿತು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹರಳಯ್ಯನವರ ಕಥೆ ಕೇಳಿ ಬೆಳೆದ ನಾಡು ಇದು. ಬಸವಣ್ಣನವರಿಗೆ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿಕೊಟ್ಟರು ಅಂತ ಕಣ್ಣೀರು ಹಾಕ್ತೀವಿ, ಆದರೆ ಇವತ್ತು ಚಪ್ಪಲಿ ಮಾಡೋರ ಮನೆಗೆ ಹೋಗಿ ನೀರು ಕುಡೀತೀವಾ? ಆಫ್ರಿಕಾದಲ್ಲೂ ಎಲ್ಲ ಕಡೆ ಅಲ್ಲದಿದ್ದರೂ ಎಷ್ಟೋ ಕಡೆ ಇದೇ ಕಥೆ. ಮಾಲಿ ದೇಶದಲ್ಲಿ ಚರ್ಮದ ಕೆಲಸದವರದು ಹುಟ್ಟಿನಿಂದ ಬರೋ ಪ್ರತ್ಯೇಕ ಗುಂಪು, ಬೇರೆಯವರ ಜೊತೆ ಮದುವೆ ಸಂಬಂಧ ಇರ್ತಿರಲಿಲ್ಲ. ಇಥಿಯೋಪಿಯಾದ ಕೆಲವು ಕಡೆ ಹದ ಮಾಡೋರನ್ನ ಊರಾಚೆ ಇಟ್ಟರು. ಆ ಕೈಗಳು ಮಾಡಿದ ವಸ್ತು ಬೇಕಿತ್ತು, ಆ ಕೈಗಳು ಬೇಡವಾಗಿದ್ದವು.

ಅಂಥ ಖಂಡದಲ್ಲಿ ಇವತ್ತು ಡಿಗ್ರಿ ಓದಿದ ಹುಡುಗಿ ವೇದಿಕೆ ಮೇಲೆ ನಿಂತು, 'ಈ ಬ್ಯಾಗು ನಾನು ಮಾಡಿದ್ದು, ನನ್ನ ಹೆಸರು ಇದು, ನನ್ನ ಊರು ಇದು' ಅಂತ ಮೈಕಿನಲ್ಲಿ ಹೇಳ್ತಾಳೆ. ಬಹುಮಾನ ಯಾರಿಗೇ ಬರಲಿ ವೀಕ್ಷಕರೇ, ನನಗೆ ದೊಡ್ಡದು ಅನ್ನಿಸೋದು ಆ ಒಂದು ವಾಕ್ಯ.

ತೀರ್ಪುಗಾರರಿಗೆ ನನ್ನದೊಂದು ಸಣ್ಣ ಸಲಹೆ, ಅವರು ಕೇಳಿಸಿಕೊಳ್ಳೋದಿಲ್ಲ ಅಂತ ಗೊತ್ತಿದ್ದೂ ಹೇಳ್ತೀನಿ. ಗೆದ್ದ ಬ್ಯಾಗಿನ ಒಳಗೆ ಒಂದು ಚೀಟಿ ಹೊಲಿಸಿ. ಅದರಲ್ಲಿ ಡಿಸೈನರ್ ಹೆಸರು ಒಂದೇ ಬೇಡ. ತೊಗಲು ಯಾವ ಊರಿನದು, ಹದ ಮಾಡಿದ್ದು ಯಾರು, ಹೊಲಿದದ್ದು ಯಾರು, ಅದೂ ಇರಲಿ. ಇಲ್ಲದಿದ್ದರೆ ಏನಾಗುತ್ತೆ ಗೊತ್ತಾ? ಹಿಂದೆ ಕಾನೋದವನ ಹೆಸರನ್ನ ಮೊರೊಕ್ಕೊ ತಿಂತು, ನಾಳೆ ಹದ ಮಾಡಿದವನ ಹೆಸರನ್ನ ಅವನ ದೇಶದ ಡಿಸೈನರೇ ತಿಂತಾಳೆ. ಅದು ನ್ಯಾಯ ಆಗೋದಿಲ್ಲ.

ಮುಂದಿನ ಸಲ ಬೆಳಗಾವಿಗೆ ಹೋದಾಗ ನಾನು ಆ ಅಂಗಡಿಗೆ ಮತ್ತೆ ಹೋಗ್ತೀನಿ. ಚಪ್ಪಲಿ ಮಾಡಿದವರ ಹೆಸರು ಯಾರು ಕೇಳ್ತಾರೆ ಅಂದಿದ್ದರಲ್ಲ, ನಾನು ಕೇಳ್ತೀನಿ ರೀ ಅಂತ ಹೇಳ್ತೀನಿ. ವಿಳಾಸ ಕೊಟ್ಟರೆ ಅವರ ಮನೆಗೇ ಹೋಗಿ ಇನ್ನೊಂದು ಜೊತೆ ಮಾಡಿಸಿಕೊಳ್ತೀನಿ. ನೀವೂ ಇವತ್ತು ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಂದು ಕ್ಷಣ ಕೆಳಗೆ ನೋಡಿ.